ಎರಡು ಕೈಯ ಸರ

ಸಿಟ್ಟು ಹೊತ್ತುಕೊಂಡು ತಿರುಗುವುದೂ ಒಂದು ಕೂಲಿ ಕೆಲಸವೇ. ಬೆಳಿಗ್ಗೆ ಎದ್ದ ಕೂಡಲೇ ಹೆಗಲಿಗೇರಿಸಿಕೊಳ್ಳಬೇಕು, ಮಲಗುವಾಗ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳಬೇಕು, ನಡುವೆ ಎಲ್ಲಾದರೂ ಮರೆತು ಇಳಿಸಿಬಿಟ್ಟರೆ ಮತ್ತೆ ಹುಡುಕಿಕೊಂಡು ಹೋಗಬೇಕು. ಭಾನುವಾರದ ರಜೆಯೂ ಇಲ್ಲ. ಆ ಮನೆಯ ದೊಡ್ಡ ಸೊಸೆ ತಿಂಗಳಿಗೂ ಮೇಲಿನಿಂದ ಈ ಕೆಲಸ ಮಾಡಿ ಮಾಡಿ ಹಣ್ಣಾಗಿದ್ದಳು.

ಅವಳು ಮಾತು ಬಿಟ್ಟಿದ್ದು ಚಿಕ್ಕ ಸೊಸೆಯ ಜೊತೆ. ಅಣ್ಣತಮ್ಮಂದಿರ ಹೆಂಡತಿಯರು ಇಬ್ಬರೂ. ಒಂದೇ ಮನೆ, ಒಂದೇ ಒಲೆ, ಎಲ್ಲಕ್ಕಿಂತ ಮುಖ್ಯವಾಗಿ ಒಂದೇ ಮೇಜು. ಮುಂದಿನ ಕೋಣೆಯ ಕಿಟಕಿಗೆ ಅಂಟಿಕೊಂಡಿದ್ದ ಆ ಮೇಜಿನ ತುಂಬ ಮಣಿಯ ಡಬ್ಬಿಗಳು, ದಾರದ ಉಂಡೆಗಳು, ಇಕ್ಕಳ, ಕತ್ತರಿ, ಮೇಣದ ತುಂಡು. ಇಬ್ಬರೂ ಎದುರುಬದುರು ಕೂತು ಸರ, ಕಿವಿಯ ಜುಮಕಿ, ಕೈಗೆ ಹಾಕುವ ಮಣಿಪಟ್ಟಿ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದರು. ಆ ಮನೆಯಲ್ಲಿ ಬರಿಗಾಲಲ್ಲಿ ಎಲ್ಲಿ ನಡೆದರೂ ಅಂಗಾಲಿಗೆ ಒಂದು ಮಣಿ ಚುಚ್ಚುವುದು ಗ್ಯಾರಂಟಿ. ಅಕ್ಕಿ ಆರಿಸಿದರೆ ಕಲ್ಲಿಗಿಂತ ಮಣಿಯೇ ಹೆಚ್ಚು ಸಿಗುತ್ತದೆ ಎಂದು ಅತ್ತೆ ಗೊಣಗುತ್ತಿದ್ದಳು.

ಈಗ ಅತ್ತೆಗೆ ಅಕ್ಕಿಗಿಂತ ದೊಡ್ಡ ಕೆಲಸ ಬಂದು ಮೆತ್ತಿಕೊಂಡಿತ್ತು. ಮೇಜಿನ ಈ ಕಡೆಯಿಂದ ದೊಡ್ಡವಳು, "ಅತ್ತೆ, ಬಿಳಿ ದಾರ ಮುಗೀತು ಅಂತ ಅವಳಿಗೆ ಹೇಳಿ" ಎನ್ನುವಳು. ಆ ಕಡೆಯಿಂದ ಚಿಕ್ಕವಳು, "ಅತ್ತೆ, ಮೊನ್ನೆನೇ ತಂದಿದ್ದೀನಿ, ಕೆಳಗಿನ ಡ್ರಾಯರ್‌ನಲ್ಲಿದೆ ಅಂತ ಅಕ್ಕಂಗೆ ಹೇಳಿ" ಎನ್ನುವಳು. ಇಬ್ಬರ ನಡುವೆ ಇದ್ದ ದೂರ ಎರಡು ಮೊಳ. ಅತ್ತೆ ಮೂಲೆಯ ಕುರ್ಚಿಯಿಂದ ಇಬ್ಬರನ್ನೂ ನೋಡಿ ನಿಟ್ಟುಸಿರು ಬಿಡುವಳು.

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಈ ಮನೇಲಿ ಬಡವಾದ ಕೂಸು ನಾನು. ಎಪ್ಪತ್ತು ದಾಟಿದ ಮೇಲೆ ನನಗೆ ಅಂಚೆ ಕೆಲಸ ಕೊಡಿಸಿದ್ದೀರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ."

ಗಂಡಸರಿಬ್ಬರೂ ಈ ವಿಷಯಕ್ಕೆ ತಲೆ ಹಾಕಲಿಲ್ಲ. ದೊಡ್ಡವನು ಬಸ್ಸು ಓಡಿಸುವವನು, ಚಿಕ್ಕವನು ಲಿಫ್ಟ್ ರಿಪೇರಿಯವನು. ಎಲ್ಲಿ ಬ್ರೇಕ್ ಹಾಕಬೇಕು ಅಂತ ಒಬ್ಬನಿಗೆ ಗೊತ್ತು, ಯಾವುದಕ್ಕೆ ಕೈ ಹಾಕಿದರೆ ಶಾಕ್ ಹೊಡೆಯುತ್ತೆ ಅಂತ ಇನ್ನೊಬ್ಬನಿಗೆ ಗೊತ್ತು. ಊಟ ಮಾಡುವುದು, ತಟ್ಟೆ ಎತ್ತುವುದು, ಜಾಗ ಖಾಲಿ ಮಾಡುವುದು.

ಮಾತು ಬಿಟ್ಟ ಕಾರಣ ಹೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಬಡಾವಣೆಯ ಗ್ರಂಥಾಲಯದ ಮಹಡಿಯ ಮೇಲೆ ಒಂದು ಹಾಲ್ ಇದೆ. ಅಲ್ಲಿ ಒಂದು ಮಧ್ಯಾಹ್ನ ಹೆಂಗಸರಿಗೆ ಮನೆಯಲ್ಲೇ ಮಾಡಬಹುದಾದ ಕೈಕೆಲಸದ ಬಗ್ಗೆ ಒಂದು ಕಾರ್ಯಕ್ರಮ ಇಟ್ಟಿದ್ದರು. ಚಿಕ್ಕವಳು ಎದ್ದು ನಿಂತು ಮಾತಾಡಿದಳು. ಹಳೇ ಟವೆಲ್ ಹಾಸಿಕೊಂಡು ಕೂತರೆ ಮಣಿ ಉರುಳಲ್ಲ ಅಂದಳು. ದಾರವನ್ನು ಮೇಣದ ಮೇಲೆ ಎರಡು ಸಲ ಎಳೆದುಕೊಂಡರೆ ಸಿಕ್ಕಾಗಲ್ಲ ಅಂದಳು. ಸೂಜಿಯ ಕಣ್ಣು ಕಾಣದವರು ದಾರದ ತುದಿಗೆ ಉಗುರುಬಣ್ಣ ಹಚ್ಚಿ, ಒಣಗಿಸಿ, ಓರೆಯಾಗಿ ಕತ್ತರಿಸಿ, ಆಗ ಆ ದಾರವೇ ಸೂಜಿ ಅಂದಳು. ಎಲಾಸ್ಟಿಕ್‌ನಲ್ಲಿ ಕೈಪಟ್ಟಿ ಮಾಡುವ ಮೊದಲು ಅದನ್ನ ನಾಲ್ಕು ಸಲ ಚೆನ್ನಾಗಿ ಎಳೆದುಬಿಡಿ, ಇಲ್ಲದಿದ್ದರೆ ವಾರದಲ್ಲಿ ಗಂಡಂದಿರ ಮಾತಿನ ಥರ ಸಡಿಲ ಆಗುತ್ತೆ ಅಂದಳು. ಹಾಲ್ ಬಿದ್ದು ಬಿದ್ದು ನಕ್ಕಿತು. ಖಾಲಿ ಮಾತ್ರೆಪಟ್ಟಿಯಲ್ಲಿ ಬಣ್ಣ ಬಣ್ಣದ ಮಣಿ ಬೇರೆ ಮಾಡಿಡುವುದು, ಒಡೆದ ಬಳೆಗೆ ಉಲ್ಲನ್ ಸುತ್ತಿ ಫೋಟೋಗೆ ಕಟ್ಟು ಮಾಡುವುದು, ಒಂದೂ ಬಿಡಲಿಲ್ಲ. ಪ್ರತಿಯೊಂದಕ್ಕೂ ಮೊದಲು, "ಇದು ನಾನು ಕಂಡುಕೊಂಡ ಉಪಾಯ" ಅಂದಳು.

ಮೂರನೇ ಸಾಲಿನಲ್ಲಿ ದೊಡ್ಡವಳು ಕೂತಿದ್ದಳು.

ಅಷ್ಟೂ ಅವಳವು. ಒಂದೊಂದು ಉಪಾಯದ ಹಿಂದೆಯೂ ಅವಳ ಒಂದೊಂದು ಹಾಳಾದ ಮಧ್ಯಾಹ್ನ ಇತ್ತು. ಮೇಣ ಹಚ್ಚಬೇಕು ಅಂತ ಗೊತ್ತಾಗಿದ್ದು, ಸಿಕ್ಕಾದ ದಾರವನ್ನು ಹಲ್ಲಿನಿಂದ ಬಿಡಿಸಲು ಹೋಗಿ ಹಲ್ಲಿನ ಚೂರು ಹಾರಿದ ಮೇಲೆ. ಎಲಾಸ್ಟಿಕ್ ಎಳೆಯಬೇಕು ಅಂತ ಗೊತ್ತಾಗಿದ್ದು, ಅಂಗಡಿಯವನು ಒಂದು ಚೀಲ ಕೈಪಟ್ಟಿ ವಾಪಸು ತಂದು ಮುಖದ ಮುಂದೆ ಸುರಿದ ಮೇಲೆ. ಚಿಕ್ಕವಳು ಈ ಮನೆಗೆ ಬಂದಾಗ ಅವಳಿಗೆ ಗುಂಡಿ ಹೊಲಿಯಲೂ ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಕೈ ಹಿಡಿದು ಕಲಿಸಿದವಳು ದೊಡ್ಡವಳು. ಈಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಪಕ್ಕದ ಹೆಂಗಸು ದೊಡ್ಡವಳ ತೋಳು ತಿವಿದು, "ಎಷ್ಟು ಬುದ್ಧಿವಂತೆ ನೋಡಿ ಆ ಹುಡುಗಿ! ನೀವೂ ಇಂಥದ್ದೇನಾದ್ರೂ ಕಲೀಬಾರದಾ?" ಎಂದಿದ್ದಳು. ದೊಡ್ಡವಳು, "ಕಲೀಬೇಕು" ಅಂದು ಚಪ್ಪಲಿ ಹುಡುಕಿಕೊಂಡು ಹೊರಗೆ ಬಂದಿದ್ದಳು. ಅವತ್ತಿನಿಂದ ಬಾಯಿಗೆ ಬೀಗ.

ಇನ್ನೊಂದು ಮಾತಿದೆ, ಅದನ್ನು ದೊಡ್ಡವಳು ಯಾರ ಹತ್ತಿರವೂ ಎತ್ತುತ್ತಿರಲಿಲ್ಲ. ಗ್ರಂಥಾಲಯದವರು ಮೊದಲು ಕರೆಯಲು ಬಂದದ್ದು ಅವಳನ್ನೇ. ಬಾಗಿಲಲ್ಲಿ ನಿಂತು ಕೇಳಿದರು. ಇವಳಿಗೆ ಹೆದರಿಕೆಯಾಯಿತು. "ಅಯ್ಯೋ, ನನಗೆ ನಾಲ್ಕು ಜನರ ಮುಂದೆ ಮಾತು ಬರಲ್ಲ. ನಮ್ಮ ಚಿಕ್ಕವಳನ್ನ ಕಳಿಸ್ತೀನಿ" ಅಂದುಬಿಟ್ಟಳು.

ಹೀಗೆ ಮಾತು ಬಿಟ್ಟು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲು ಬಡಿದಾಗ ದೊಡ್ಡವಳು ನೆಲ ಒರೆಸುತ್ತಿದ್ದಳು. ಬಾಗಿಲಲ್ಲಿ ಒಬ್ಬಳು ನರ್ಸ್ ನಿಂತಿದ್ದಳು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದವಳಿರಬೇಕು, ಕಣ್ಣು ಕೆಂಪಗಿತ್ತು, ನಿಂತಲ್ಲೇ ತೂಗಾಡುತ್ತಿದ್ದಳು. ಕೈಯಲ್ಲಿ ಒಂದು ಮಾತ್ರೆ ಡಬ್ಬಿ.

"ಅವತ್ತು ಲೈಬ್ರರಿ ಹಾಲ್‌ನಲ್ಲಿ ಮಾತಾಡಿದ್ರಲ್ಲ, ಆ ಮೇಡಂ ಇದ್ದಾರಾ?"

ದೊಡ್ಡವಳು ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. "ಇದ್ದಾಳೆ, ಸ್ನಾನಕ್ಕೆ ಹೋಗಿದ್ದಾಳೆ. ಏನಾಗಬೇಕಿತ್ತು?"

ನರ್ಸ್ ಡಬ್ಬಿ ತೆಗೆದು ತೋರಿಸಿದಳು. ಜೇನಿನ ಬಣ್ಣದ ಗಾಜಿನ ಮಣಿಗಳು. ಅವಳ ತಾಯಿಯ ಸರವಂತೆ. ತಾಯಿ ಹೋಗಿ ವರ್ಷ ಕಳೆದಿದೆ. ಆಸ್ಪತ್ರೆಯ ಕಾರಿಡಾರ್‌ನಲ್ಲಿ ದಾರ ಹರಿದು ಅಷ್ಟೂ ಚೆಲ್ಲಾಪಿಲ್ಲಿಯಾಗಿ, ಇವಳು ಮಂಚಗಳ ಕೆಳಗೆ ಅಂಬೆಗಾಲಿಟ್ಟು ಆರಿಸಿಕೊಂಡು ಬಂದಿದ್ದಳು.

"ನಾಳೆ ತಂಗಿ ಮಗಳ ಮದುವೆ. ಅಮ್ಮನ ಸರ ಹಾಕ್ಕೊಂಡು ಬರ್ತೀನಿ ಅಂತ ತಂಗಿಗೆ ಮಾತು ಕೊಟ್ಟಿದ್ದೀನಿ. ಸಂಜೆ ಆರಕ್ಕೆ ರೈಲು. ಆಗುತ್ತಾ? ಆ ಮೇಡಂ ಮನಸ್ಸು ಮಾಡಿದ್ರೆ ಆಗುತ್ತೆ ಅಲ್ವಾ?"

ಮೈಯೆಲ್ಲ ಉರಿದುಹೋಯಿತು ದೊಡ್ಡವಳಿಗೆ. ಆದರೆ ಕಣ್ಣು ಮಾತ್ರ ಡಬ್ಬಿಯನ್ನು ಬಿಡಲಿಲ್ಲ. ಎಂಥ ಮಣಿಗಳು! ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತಾ ಹೋಗುವ ಜೋಡಿಗಳು. ನಡುವಿಗೆ ಹಿತ್ತಾಳೆಯ ಕಟ್ಟು ಹಾಕಿದ ಒಂದು ದಪ್ಪ ಮಣಿ, ಅದರ ಎರಡು ಪಕ್ಕಕ್ಕೂ ದಾರ ಕಟ್ಟಲು ಒಂದೊಂದು ಪುಟ್ಟ ಬಳೆ. ಇಂಥದ್ದು ಈಗ ಯಾವ ಅಂಗಡಿಯಲ್ಲೂ ಇಲ್ಲ. ಒಂದು ಕಳೆದರೆ ಕಳೆದ ಹಾಗೇ.

"ಐದು ಗಂಟೆಗೆ ಬನ್ನಿ. ಆಗಿರುತ್ತೆ" ಅಂದಳು.

ನರ್ಸ್ ಹೋದ ಮೇಲೆ ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟು ಅತ್ತೆಯ ಮುಂದೆ ನಿಂತಳು. "ಅತ್ತೆ, ನಾನು ಒಂದು ಮಾತು ಹೇಳ್ತೀನಿ. ಈ ಸರ ಒಂದು ಮುಗೀಲಿ. ಆಮೇಲೆ ಡಬ್ಬಿಗಳನ್ನ ಹಂಚಿಕೊಂಡುಬಿಡ್ತೀವಿ. ಅವಳದ್ದು ಅವಳಿಗೆ, ನನ್ನದು ನನಗೆ. ನಾನು ಒಳಗಿನ ಕೋಣೇಲಿ ಕೂತ್ಕೊಂಡು ಮಾಡ್ಕೋತೀನಿ."

"ಒಳಗಿನ ಕೋಣೇಲಿ ಕಿಟಕಿ ಎಲ್ಲಿದೆ?"

"ಬಲ್ಬು ಹಾಕ್ಕೋತೀನಿ."

"ಇರೋದು ಒಂದು ಇಕ್ಕಳ. ಒಂದೊಂದು ಕಾಲು ಇಬ್ಬರೂ ಹಂಚ್ಕೋತೀರಾ?" ಅತ್ತೆ ಆಮೇಲೆ ತಗ್ಗಿದ ದನಿಯಲ್ಲಿ ಅಂದಳು, "ಯೋಚನೆ ಮಾಡು ದೊಡ್ಡವಳೇ. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಅಂಟಲ್ಲ."

"ಯೋಚನೆ ಮಾಡಿ ಮಾಡಿನೇ ಸುಸ್ತಾಗಿದ್ದು ಅತ್ತೆ."

ಅದು ನಿಜ. ದಿನಾ ಅದೇ ಮುಖ ಎದುರಿಗೆ, ದಿನಾ ಅದೇ ಉರಿ. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಹಗಲು ಬೆನ್ನು ನಿಲ್ಲುತ್ತಿರಲಿಲ್ಲ. ಬೇರೆಯಾಗಿಬಿಟ್ಟರೆ ಕೊನೇ ಪಕ್ಷ ಸಿಟ್ಟು ಮಾಡಿಕೊಳ್ಳುವ ಕೆಲಸವಾದರೂ ತಪ್ಪುತ್ತದೆ ಎಂದು ಅವಳ ಲೆಕ್ಕ.

ಸ್ನಾನ ಮುಗಿಸಿ ಬಂದ ಚಿಕ್ಕವಳಿಗೆ ಅತ್ತೆ ಎಲ್ಲವನ್ನೂ ಹೇಳಿದಳು, ಹಂಚಿಕೆಯ ಮಾತನ್ನೂ. ಚಿಕ್ಕವಳು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ನಿಂತೇ ಇದ್ದಳು. "ಸರಿ, ಅಕ್ಕನ ಇಷ್ಟ" ಅಂದಳು. ಅಷ್ಟೇ ಅಂದಳಲ್ಲ ಎಂದು ದೊಡ್ಡವಳಿಗೆ ಅದಕ್ಕೂ ಸಿಟ್ಟು ಬಂತು.

ಒಬ್ಬರೇ ಕೂತರೆ ಐದು ಗಂಟೆಗೆ ಮುಗಿಯುವ ಕೆಲಸವಲ್ಲ ಅದು. ಪ್ರತಿ ಮಣಿಯ ನಂತರ ಒಂದು ಗಂಟು ಬೀಳಬೇಕು. ಆಗಲೇ ಮುಂದೆ ಎಂದಾದರೂ ದಾರ ಹರಿದರೂ ಒಂದೇ ಮಣಿ ಬೀಳುತ್ತದೆ, ಉಳಿದವು ನಿಂತಿರುತ್ತವೆ. ಹೀಗಾಗಿ ಇಂಥ ಸರವನ್ನು ಅವರು ಯಾವಾಗಲೂ ಇಬ್ಬರೂ ಸೇರಿ ಮಾಡುತ್ತಿದ್ದರು. ನಡುಮಣಿಯ ಎಡಗಡೆಯ ಅರ್ಧ ಒಬ್ಬಳದು, ಬಲಗಡೆಯ ಅರ್ಧ ಇನ್ನೊಬ್ಬಳದು.

ಇಲ್ಲೊಂದು ತೊಡಕಿತ್ತು. ಇಬ್ಬರ ಗಂಟು ಒಂದೇ ಥರ ಇರಲಿಲ್ಲ. ದೊಡ್ಡವಳು ಗಂಟಿನ ಕುಣಿಕೆಯೊಳಗೆ ಒಂದು ಮೊಂಡು ಸೂಜಿ ಇಟ್ಟು, ಅದನ್ನು ಮೆಲ್ಲಗೆ ಮಣಿಯವರೆಗೆ ಜಾರಿಸಿ, ಸೂಜಿ ಹೊರಗೆಳೆಯುತ್ತಿದ್ದಳು. ಮಣಿಗೂ ಗಂಟಿಗೂ ನಡುವೆ ಕೂದಲೆಳೆಯಷ್ಟು ಜಾಗ ಉಳಿಯುತ್ತಿತ್ತು. ಅದರಿಂದ ಸರ ಕತ್ತಿನ ಮೇಲೆ ನೀರಿನಂತೆ ಇಳಿಯುತ್ತಿತ್ತು. ಚಿಕ್ಕವಳಿಗೆ ಸೂಜಿಯ ತಾಳ್ಮೆ ಇಲ್ಲ. ಹೆಬ್ಬೆರಳ ಉಗುರಿನಿಂದ ಗಂಟನ್ನು ಮಣಿಗೆ ಒತ್ತಿ ಜಗ್ಗಿಬಿಡುವಳು. ಬಿಗಿ ಅಂದರೆ ಬಿಗಿ, ಈ ಜನ್ಮದಲ್ಲಿ ಅಲುಗಾಡದು. ಒಳ್ಳೆಯದು ಯಾವುದು ಎಂದು ಅಂಗಡಿಯವರನ್ನು ಕೇಳಿದರೆ ಅರ್ಧ ಜನ ಅದು ಅನ್ನುವರು, ಅರ್ಧ ಜನ ಇದು ಅನ್ನುವರು. ಒಂದೇ ಸರದಲ್ಲಿ ಎರಡೂ ಇರಬಾರದು, ಅಷ್ಟೇ. ಮಾತಾಡುತ್ತಿದ್ದ ಕಾಲದಲ್ಲಿ ಅದಕ್ಕೇನೂ ಕಷ್ಟವಿರಲಿಲ್ಲ. "ಸ್ವಲ್ಪ ಬಿಡೇ" ಎಂದು ಇವಳು, "ಅಕ್ಕ, ಸ್ವಲ್ಪ ಎಳೀರಿ" ಎಂದು ಅವಳು. ಮಣಿಮಣಿಗೂ ಹೀಗೆ ಹೇಳಿಕೊಳ್ಳುತ್ತಾ ಇಬ್ಬರೂ ನಡುದಾರಿಯಲ್ಲಿ ಎಲ್ಲೋ ಬಂದು ಕೂಡುತ್ತಿದ್ದರು.

ಈಗ ಹೇಳುವವರು ಯಾರು?

ದೊಡ್ಡವಳು ಟವೆಲ್ ಹಾಸಿ, ಮಣಿಗಳನ್ನು ಅಳತೆಗೆ ಸರಿಯಾಗಿ ಜೋಡಿ ಮಾಡಿ, ಎರಡು ಸಾಲಾಗಿ ಮಲಗಿಸಿದಳು. ಒಂದು ಸಾಲನ್ನು ಒಂದು ಬಟ್ಟಲಿಗೆ ಹಾಕಿ ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಎರಡು ಹೆಜ್ಜೆ ನಡೆದು ಅದನ್ನು ಚಿಕ್ಕವಳಿಗೆ ಕೊಟ್ಟಳು. ಚಿಕ್ಕವಳು ಬಟ್ಟಲು, ದಾರ ತೆಗೆದುಕೊಂಡು ಅಡುಗೆಮನೆಗೆ ಹೋದಳು, ಒಲೆಯ ಮೇಲೆ ಬೇಯುತ್ತಿರುವುದನ್ನು ನೋಡಿಕೊಂಡು ಅಲ್ಲೇ ಮಾಡುತ್ತೇನೆ ಎಂದು ಅತ್ತೆಗೆ ಹೇಳಿ. ಹೋಗುವ ಮೊದಲು ಮೇಜಿನ ಮೇಲೆ ಏನೋ ಕೈಯಾಡಿಸಿದಳು. ದೊಡ್ಡವಳು ಆ ಕಡೆ ನೋಡಲಿಲ್ಲ. ನೋಡದೆ ಇರುವುದೂ ಆ ಕೂಲಿಯಲ್ಲೇ ಸೇರಿತ್ತು.

ದಾರಕ್ಕೆ ಮೇಣ ಎಳೆದು, ಮೊದಲ ಮಣಿ ಪೋಣಿಸಿ, ಸೂಜಿಗೆ ಕೈ ಚಾಚಿದರೆ ಸೂಜಿದಿಂಬಿನಲ್ಲಿ ಮೊಂಡು ಸೂಜಿ ಇಲ್ಲ.

ಡ್ರಾಯರ್ ನೋಡಿದಳು. ಟವೆಲ್ ಕೊಡವಿದಳು. ಮೇಜಿನ ಕೆಳಗೆ ಬಗ್ಗಿ ನೋಡಿದಳು, ಏಳುವಾಗ ತಲೆ ಬಡಿಯಿತು. ಆಗ ಹೊಳೆಯಿತು ಅವಳಿಗೆ. ಚಿಕ್ಕವಳೇ ತೆಗೆದುಕೊಂಡು ಹೋಗಿದ್ದಾಳೆ! ಒಲೆಯ ಬರ್ನರಿನ ತೂತು ಕೆದಕಲಿಕ್ಕೋ, ಡಬ್ಬಿ ಮುಚ್ಚಳ ತೆಗೆಯಲಿಕ್ಕೋ. ಉಪಾಯಗಳು ಹೋದವು, ಚಪ್ಪಾಳೆ ಹೋಯಿತು, ಈಗ ಸೂಜಿಯೂ ಹೋಯಿತು. ಹೋಗಿ ಕೇಳೋಣವೆಂದರೆ ಕೇಳುವ ಬಾಯಿಗೆ ಬೀಗ ಹಾಕಿಕೊಂಡವಳು ತಾನೇ. ಅತ್ತೆಯನ್ನು ಕಳಿಸೋಣವೆಂದರೆ ಅತ್ತೆ ಕುರ್ಚಿಯಲ್ಲೇ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.

ದೊಡ್ಡವಳು ಕಿಟಕಿಯ ಬಳಿ ಕೂತಳು. ಹೊರಗೆ ಎದುರು ಮನೆಯ ಟೆರೇಸಿನಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಅವಳು ಲೆಕ್ಕ ಹಾಕಿದಳು. ಚಿಕ್ಕವಳು ತನ್ನ ಪದ್ಧತಿ ಬಿಡುವವಳಲ್ಲ, ಜಗ್ಗಿ ಜಗ್ಗಿ ಬಿಗಿ ಗಂಟೇ ಹಾಕುತ್ತಾಳೆ. ತಾನು ಸಡಿಲ ಹಾಕಿದರೆ ಸರ ಕೆಡುತ್ತದೆ. ಕೆಟ್ಟರೆ ಪಾಪ, ಆ ನಿದ್ದೆಗೆಟ್ಟ ನರ್ಸ್ ಏನು ಮಾಡಿದ್ದಾಳೆ? ಬಗ್ಗಬೇಕಾದವಳು ಯಾರು? ತಾನೇ. ಈ ಮನೆಗೆ ಬಂದಾಗಿನಿಂದ ಬಗ್ಗುವುದು ತಾನೇ. ದೊಡ್ಡವಳಲ್ಲವೇ!

"ಹಾಳಾಗಿ ಹೋಗಲಿ" ಅಂದುಕೊಂಡು ಉಗುರಿನಿಂದಲೇ ಗಂಟು ಹಾಕತೊಡಗಿದಳು. ಚಿಕ್ಕವಳ ಗಂಟು. ಅಭ್ಯಾಸವಿಲ್ಲದ ಕೈ. ಪ್ರತಿ ಗಂಟಿಗೂ ದಾರ ಬೆರಳಿನ ಸಂದಿಯಲ್ಲಿ ಒಂದೇ ಕಡೆ ಕುಯ್ಯುತ್ತಿತ್ತು. ಸಣ್ಣ ಮಣಿಗಳಿಗೆ ಬರುವ ಹೊತ್ತಿಗೆ ಹೆಬ್ಬೆರಳು ಉರಿಯುತ್ತಿತ್ತು, ಕತ್ತು ಕಲ್ಲಾಗಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಅದು ನೋವಿಗೋ ತನ್ನ ಮೇಲಿನ ಕನಿಕರಕ್ಕೋ ಅವಳಿಗೇ ತಿಳಿಯಲಿಲ್ಲ. ಮಧ್ಯಾಹ್ನದ ಊಟವನ್ನು ನಿಂತುಕೊಂಡೇ ಉಂಡಳು. ಅಡುಗೆಮನೆಯ ಬಾಗಿಲಿನಿಂದ ಚಿಕ್ಕವಳ ಬಗ್ಗಿದ ಬೆನ್ನು ಮಾತ್ರ ಕಾಣಿಸುತ್ತಿತ್ತು.

ಎರಡು ಗಂಟೆಯ ಹೊತ್ತಿಗೆ ಅತ್ತೆ ಬಟ್ಟಲು ಹಿಡಿದು ಬಂದಳು. "ತಗೋ, ಅವಳ ಅರ್ಧ. ಇನ್ನು ನನ್ನ ಕಾಲಲ್ಲಿ ಆಗಲ್ಲ."

ದೊಡ್ಡವಳು ಟವೆಲಿನ ಮೇಲೆ ನಡುಮಣಿ ಇಟ್ಟಳು. ಎಡಗಡೆಗೆ ತನ್ನ ಅರ್ಧ, ಬಲಗಡೆಗೆ ಚಿಕ್ಕವಳ ಅರ್ಧ. ಇಟ್ಟವಳು ಹಾಗೇ ನೋಡುತ್ತಾ ಕೂತಳು.

ಸರಿಯಾಗಿಲ್ಲ. ಒಂದು ಗಿಡ್ಡ, ಒಂದು ಉದ್ದ. ಬರೋಬ್ಬರಿ ಎರಡು ಬೆರಳಗಲ ವ್ಯತ್ಯಾಸ. ಒಂದು ಪಕ್ಕ ಬಡಿಗೆಯ ಹಾಗೆ ಸೆಟೆದು ಮಲಗಿದೆ, ಇನ್ನೊಂದು ಮೆತ್ತಗೆ ಬಾಗಿ ಮಲಗಿದೆ. ಹೀಗೇ ಕತ್ತಿಗೆ ಹಾಕಿದರೆ ನಡುಮಣಿ ಹೆಗಲಿನ ಕಡೆ ಓಡುತ್ತದೆ. ಅವಳಿಗೆ ಮೊದಲು ಹೊಳೆದದ್ದು, ಮಣಿ ಹಂಚುವಾಗ ತಪ್ಪಿದೆನೇನೋ ಎಂದು. ಜೋಡಿ ಜೋಡಿ ಬೆರಳಿಟ್ಟು ನೋಡಿದಳು. ಎಲ್ಲವೂ ಸರಿಯಾಗಿಯೇ ಇದ್ದವು. ಆಮೇಲೆ, ಸೆಟೆದು ಗಿಡ್ಡವಾಗಿರುವುದು ತನ್ನ ಅರ್ಧ ಎನ್ನುವುದು ಗಮನಕ್ಕೆ ಬಂತು.

ಚಿಕ್ಕವಳ ಅರ್ಧವನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಮಣಿ, ಕೂದಲೆಳೆಯಷ್ಟು ಜಾಗ, ಗಂಟು. ಮಣಿ, ಜಾಗ, ಗಂಟು. ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಡಿಮೆಯಿಲ್ಲ. ಕೊನೆಯಲ್ಲಿ, ಕೊಂಡಿಯ ಪಕ್ಕದಲ್ಲಿ, ದಾರ ಹಿಂದಕ್ಕೆ ಬಂದು ಎರಡು ಮಣಿಯೊಳಗೆ ನುಗ್ಗಿ ಅಡಗಿಕೊಂಡಿತ್ತು. ಹಾಗೆ ಮಾಡಬೇಕೆಂದು ಅವಳು ಚಿಕ್ಕವಳಿಗೆ ಎಂದೂ ಹೇಳಿಕೊಟ್ಟಿರಲಿಲ್ಲ. ಹೇಳಬೇಕೆಂದು ನೆನಪೇ ಆಗಿರಲಿಲ್ಲ. ತನ್ನ ಕೈ ತಾನಾಗಿ ಮಾಡುತ್ತಿದ್ದ ಕೆಲಸ ಅದು. ಎದುರಿಗೆ ಕೂತು ವರ್ಷಗಟ್ಟಲೆ ನೋಡಿದವರಿಗೆ ಮಾತ್ರ ಗೊತ್ತಾಗುವಂಥದ್ದು.

ತಾನೊಬ್ಬಳೇ ಬಗ್ಗುತ್ತಿದ್ದೇನೆ ಎಂದುಕೊಂಡು ಬೆಳಗಿನಿಂದ ಬೆರಳು ಕೊಯ್ದುಕೊಂಡಿದ್ದಳಲ್ಲ, ಗೋಡೆಯ ಆ ಕಡೆ ಇನ್ನೊಬ್ಬಳೂ ಅದನ್ನೇ ಅಂದುಕೊಂಡು ಇವಳ ಹಾಗೆ ಗಂಟು ಹಾಕುತ್ತಾ ಕೂತಿದ್ದಳು.

"ಲೇ" ಅಂದಳು ದೊಡ್ಡವಳು. "ಲೇ, ಇಲ್ಲಿ ಬಾ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಚಿಕ್ಕವಳು ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ನಂಬಿಕೆಯಾಗದೆ ಅತ್ತೆಯ ಮುಖ ನೋಡಿದಳು.

"ನನ್ನನ್ನೇನು ನೋಡ್ತೀಯಾ? ನಿನ್ನನ್ನೇ ಕರೆದಿದ್ದು" ಅಂದಳು ಅತ್ತೆ.

"ಇದೇನೇ ಮಾಡಿದ್ದೀಯಾ?" ಅಂದಳು ದೊಡ್ಡವಳು.

ಚಿಕ್ಕವಳು ಟವೆಲಿನ ಮೇಲಿದ್ದದ್ದನ್ನು ನೋಡಿದಳು. ಒಮ್ಮೆ ಈ ಅರ್ಧ, ಒಮ್ಮೆ ಆ ಅರ್ಧ. ಬಾಯಿಗೆ ಕೈ ಹೋಯಿತು. "ಅಯ್ಯೋ, ನೀವು ಸಡಿಲ ಹಾಕ್ತೀರಿ ಅಂತ... ನಾನು ಬಿಗಿ ಹಾಕಿದ್ರೆ ಕೆಡುತ್ತಲ್ಲ ಅಂತ... ನಿಮ್ಮ ಸೂಜಿ ತಗೊಂಡು ಹೋಗಿದ್ದೆ. ನಿಮ್ಮ ಹತ್ರ ಇನ್ನೊಂದು ಇದೆ ಅಂದ್ಕೊಂಡಿದ್ದೆ."

"ಎಲ್ಲಿದೆ ಇನ್ನೊಂದು? ಇರೋದೇ ಒಂದು."

ಅತ್ತೆ ಕುರ್ಚಿಯಿಂದ ಕತ್ತು ಚಾಚಿ ಟವೆಲ್ ನೋಡಿದಳು. ಆಮೇಲೆ ಇಬ್ಬರ ಮುಖ ನೋಡಿದಳು. "ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋದನ್ನ ಕೇಳಿದ್ದೆ. ಎರಡೂ ಜಾಗ ಬದಲಾಯಿಸಿಕೊಂಡು ಎಳೆದದ್ದನ್ನ ಇವತ್ತೇ ನೋಡಿದ್ದು. ಒಂದು ಮಾತು, ಒಂದೇ ಒಂದು ಮಾತು ಆಡಿದ್ರೆ ಏನು ಬಾಯಲ್ಲಿರೋ ಮುತ್ತು ಉದುರಿಹೋಗ್ತಿತ್ತಾ?"

ಚಿಕ್ಕವಳು ಎದುರಿನ ಸ್ಟೂಲಿನ ಮೇಲೆ ಕೂತಳು, ಸೆರಗಿನಲ್ಲಿ ಕೈ ಒರೆಸಿಕೊಂಡಳು, ಒರೆಸಿಕೊಂಡದ್ದನ್ನೇ ಮತ್ತೆ ಒರೆಸಿಕೊಂಡಳು.

"ಅಕ್ಕ, ಅವತ್ತು ಹಾಲ್‌ನಲ್ಲಿ..."

"ಆ ಮಾತು ಬೇಡ."

"ಬೇಡ ಅಂದ್ರೆ ಹೇಗೆ? ಆ ಮಾತಿಗೇ ಅಲ್ವಾ ಇಷ್ಟೆಲ್ಲ ಆಗಿದ್ದು. ಮರೆತುಹೋಗಿ ನಿಮ್ಮ ಹೆಸರು ಬಿಟ್ಟೆ ಅಂತ ಸುಳ್ಳು ಹೇಳಲ್ಲ. ನಾಲಿಗೆ ತುದೀಲೇ ಇತ್ತು. ಮೊದಲನೇ ಉಪಾಯ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ರು ನೋಡಿ, ಅಷ್ಟು ಜನ ನನ್ನನ್ನೇ ನೋಡ್ತಾ ಇದ್ರು. ನನ್ನ ಜನ್ಮದಲ್ಲಿ ಯಾರೂ ನನ್ನನ್ನ ಹಾಗೆ ನೋಡಿದ್ದಿಲ್ಲ. ಚೆನ್ನಾಗಿತ್ತು ಅಕ್ಕ. ತುಂಬ ಚೆನ್ನಾಗಿತ್ತು. ಅದು ನನ್ನದೇ ಆಗಿರಲಿ ಅನ್ನಿಸಿಬಿಡ್ತು. ಮನೆಗೆ ಬರೋ ಹೊತ್ತಿಗೆ ತಪ್ಪು ಮಾಡಿದೆ ಅಂತ ಗೊತ್ತಾಗಿತ್ತು. ನೀವು ಬೈದಿದ್ರೆ ಅತ್ತು ಮುಗಿಸಿಬಿಡ್ತಿದ್ದೆ. ನೀವು ಬೈಯಲೂ ಇಲ್ಲ."

ದೊಡ್ಡವಳು ಇಷ್ಟು ದಿನವೂ ಈ ಕ್ಷಣಕ್ಕೆ ಎಷ್ಟೋ ಮಾತು ಕೂಡಿಟ್ಟಿದ್ದಳು. ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ ಮನಸ್ಸಿನಲ್ಲೇ ಸಾಣೆ ಹಿಡಿದ ಮಾತುಗಳು. ಈಗ ಹುಡುಕಿದರೆ ಒಂದೂ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ಬೇರೆಯದೇ ಒಂದು. ಅದು ಹೇಗೆ ಹೊರಗೆ ಬಂತೋ ಅವಳಿಗೇ ಗೊತ್ತಿಲ್ಲ.

"ನನಗೂ ಅಲ್ಲಿ ನಿಂತ್ಕೊಂಡು ಹೇಳಬೇಕು ಅಂತ ಆಸೆ ಇತ್ತು ಕಣೆ. ಅವರು ನನ್ನನ್ನೇ ಕೇಳಿದ್ರು. ಹೆದರಿಕೊಂಡು ನಿನ್ನನ್ನ ತಳ್ಳಿದೆ. ನೀನು ಅಷ್ಟು ಚೆನ್ನಾಗಿ ಹೇಳಿದಾಗ ಹೊಟ್ಟೆ ಉರಿದುಹೋಯ್ತು. ಹೆಸರು ಹೇಳಿದ್ರೂ ಉರೀತಿತ್ತೇನೋ, ಯಾರಿಗೆ ಗೊತ್ತು."

ಚಿಕ್ಕವಳು ಅಳತೊಡಗಿದಳು. ದೊಡ್ಡವಳಿಗೆ ಅವಳನ್ನು ಸಮಾಧಾನ ಮಾಡುವಷ್ಟು ತ್ರಾಣವಿರಲಿಲ್ಲ. ಗೋಡೆಯ ಗಡಿಯಾರ ನೋಡಿ, ಕತ್ತರಿ ತೆಗೆದುಕೊಂಡಳು. ಒಂದು ಅರ್ಧವನ್ನು ಬಿಚ್ಚಲೇಬೇಕು. ಯಾವುದನ್ನು ಎಂದು ಚಿಕ್ಕವಳು ಕೇಳುವ ಮೊದಲೇ ತನ್ನ ಅರ್ಧಕ್ಕೆ ಕತ್ತರಿ ಹಾಕಿದಳು. ಬಿಗಿ ಗಂಟುಗಳು ಒಂದೊಂದಾಗಿ ಕತ್ತರಿಸಿ ಬಿದ್ದವು, ಮಣಿಗಳು ಟವೆಲಿನ ಮೇಲೆ ಕೂತವು.

"ಅಕ್ಕ, ನಿಮ್ಮ ಬೆರಳು!"

ಹೆಬ್ಬೆರಳ ಸಂದಿಯಲ್ಲಿ ರಕ್ತ ಕಟ್ಟಿ ಕಪ್ಪು ಗೆರೆಯಾಗಿತ್ತು. ಚಿಕ್ಕವಳು ಆ ಕೈಯನ್ನು ಹಿಡಿದುಕೊಂಡು, "ನನ್ನ ಗಂಟು ಹಾಕೋಕೆ ಹೋಗಿ ಇದೆಂಥ ಅವಸ್ಥೆ ಮಾಡ್ಕೊಂಡ್ರಿ" ಎಂದು ಮತ್ತಷ್ಟು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಹೊಸ ದಾರವನ್ನು ಮೇಣದ ಮೇಲೆ ಎಳೆದು, ಸೂಜಿ ಹಿಡಿದು ತಾನೇ ಕೂತಳು. ದೊಡ್ಡವಳು ಬೇಡವೆನ್ನಲಿಲ್ಲ. ಎದುರಿಗೆ ಕೂತು ಒಂದೊಂದೇ ಮಣಿಯನ್ನು ಆರಿಸಿ ಅವಳ ಬೆರಳ ಹತ್ತಿರ ತಳ್ಳುತ್ತಾ ಹೋದಳು. ಸಡಿಲ ಮಾಡು ಎಂದಾಗಲಿ, ಬಿಗಿ ಮಾಡು ಎಂದಾಗಲಿ ಹೇಳುವ ಅಗತ್ಯವೇ ಬೀಳಲಿಲ್ಲ. ತನ್ನ ಕೈಯೇ ಇನ್ನೊಬ್ಬಳ ಮೈಯಲ್ಲಿ ಕೆಲಸ ಮಾಡುತ್ತಿರುವುದನ್ನು ಅವಳು ಸುಮ್ಮನೆ ನೋಡುತ್ತಾ ಕೂತಳು.

ಕೊನೆಯ ಕೊಂಡಿ ಬಿಗಿಯುವಾಗ ನರ್ಸ್ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸೂಟ್‌ಕೇಸ್, ಕೆಳಗೆ ಹಾರ್ನ್ ಹೊಡೆಯುತ್ತಿದ್ದ ಆಟೋ. ಸರ ಹಾಕಿಕೊಂಡು ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡಳು. ನಡುಮಣಿ ಸರಿಯಾಗಿ ಕತ್ತಿನ ಗುಳಿಯ ಕೆಳಗೆ ಬಂದು ನಿಂತಿತ್ತು. ಅವಳ ಕಣ್ಣು ತುಂಬಿತು.

"ಮೇಡಂ, ಅವತ್ತು ನೀವು ಹೇಳಿದ ಹಾಗೇ ಎಷ್ಟು ಚೆನ್ನಾಗಿ ಮಾಡಿದ್ದೀರಾ!"

ಚಿಕ್ಕವಳು ಎದ್ದು ನಿಂತಳು. ಹಾಲ್‌ನಲ್ಲಿ ಅರಳು ಹುರಿದಂತೆ ಮಾತಾಡಿದವಳು ಈಗ ತಡವರಿಸಿದಳು. "ಮೇಡಂ, ಅವತ್ತು ನಾನು ಹೇಳಿದ್ದೆಲ್ಲ ಇವರದ್ದು. ನಮ್ಮ ಅಕ್ಕನದ್ದು. ಒಂದೂ ನನ್ನದಲ್ಲ. ಅವತ್ತೇ ಹೇಳಬೇಕಿತ್ತು, ನಾನು ಹೇಳಲಿಲ್ಲ."

"ಹೌದಾ? ಸರಿ ಸರಿ, ಒಳ್ಳೇದಾಯ್ತು" ಅಂದಳು ನರ್ಸ್, ಸೂಟ್‌ಕೇಸ್ ಎತ್ತಿಕೊಳ್ಳುತ್ತಾ. ಕೆಳಗಿನ ಹಾರ್ನ್ ನಿಲ್ಲುತ್ತಲೇ ಇರಲಿಲ್ಲ. "ಬರ್ತೀನಿ ಮೇಡಂ, ರೈಲು ತಪ್ಪಿಹೋಗುತ್ತೆ" ಎಂದು ಚಿಕ್ಕವಳಿಗೇ ಹೇಳಿ, ದೊಡ್ಡವಳ ಕಡೆ ಒಮ್ಮೆ ತಲೆಯಾಡಿಸಿ, ಮೆಟ್ಟಿಲಿಳಿದು ಹೋಗಿಯೇಬಿಟ್ಟಳು.

ಚಿಕ್ಕವಳು ಬಾಗಿಲಲ್ಲೇ ನಿಂತಿದ್ದಳು. "ಅವರು ಕೇಳಿಸಿಕೊಳ್ಳಲೇ ಇಲ್ಲ ಅಕ್ಕ" ಅಂದಳು, ತಪ್ಪು ಮಾಡಿದವಳ ಹಾಗೆ.

"ನಾನು ಕೇಳಿಸಿಕೊಂಡೆ" ಅಂದಳು ದೊಡ್ಡವಳು.

ಕೋಣೆಯಲ್ಲಿ ಬೆಳಕು ಕಡಿಮೆಯಾಗಿತ್ತು. ಅತ್ತೆ ಕುರ್ಚಿಯಿಂದ ಕೇಳಿದಳು, "ಹಾಗಾದ್ರೆ ಡಬ್ಬಿ ಹಂಚೋದು?"

"ಇವತ್ತು ಆಗಲ್ಲ ಅತ್ತೆ. ಕೈ ಎತ್ತೋಕೂ ಆಗ್ತಿಲ್ಲ."

"ನಾಳೆ?"

"ನಾಳೆ ಅಂಗಡಿಯವರ ಜುಮಕಿ ಕೊಡಬೇಕು. ಪುರುಸೊತ್ತಿಲ್ಲ."

ಚಿಕ್ಕವಳು ಬಂದು ತನ್ನ ಸ್ಟೂಲಿನ ಮೇಲೆ ಕೂತಳು. ಟವೆಲಿನ ಮೇಲೆ ಕತ್ತರಿಸಿ ಬಿದ್ದ ಗಂಟುಗಳನ್ನು ಬೆರಳಿನಿಂದ ಗುಡ್ಡೆ ಮಾಡತೊಡಗಿದಳು. ದೊಡ್ಡವಳು ಮೇಜಿನ ಮೇಲೆ ಎರಡೂ ಕೈ ಚಾಚಿ, ಅದರ ಮೇಲೆ ತಲೆಯಿಟ್ಟಳು.

"ಸುಸ್ತಾಗಿದೆ ಕಣೆ. ತುಂಬ ಸುಸ್ತಾಗಿದೆ."

"ನನಗೂ ಅಕ್ಕ" ಅಂದಳು ಚಿಕ್ಕವಳು, ತಾನೂ ಮೇಜಿನ ಆ ಕಡೆಯಿಂದ ತಲೆಯಿಟ್ಟಳು. ದೀಪ ಹಾಕಲು ಇಬ್ಬರಲ್ಲಿ ಒಬ್ಬರೂ ಏಳಲಿಲ್ಲ, ಅತ್ತೆಯೂ ಹೇಳಲಿಲ್ಲ.